ಸೋಮವಾರದ ಮಾತ್ರೆ

ಮಾತ್ರೆ ನುಂಗುತ್ತಿದ್ದರೂ ಬಸಿರು ನಿಂತಿತಂತೆ! ಇಂಥ ಮಾತು ನಮ್ಮ ಊರುಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಕೇಳಿದವರು ಮೊದಲು ಮಾತ್ರೆಯನ್ನು ಬೈಯುತ್ತಾರೆ. ಆಮೇಲೆ ಮಾತ್ರೆ ಕೊಟ್ಟವರನ್ನು. ಕೊನೆಗೆ ನುಂಗಿದವಳನ್ನೇ ಬೈಯುತ್ತಾರೆ. ನಿಜಕ್ಕೂ ಏನಾಯಿತು ಎಂದು ಪಕ್ಕದಲ್ಲಿ ಕೂತು ಕೇಳುವವರು ಕಡಿಮೆ. ಹಳೇಕೋಟೆಯ ನೀಲಾಂಬಿಕೆಯ ಮನೆಯಲ್ಲೂ ಹಾಗೇ ಆಗುವುದರಲ್ಲಿತ್ತು.

ಅವತ್ತು ಸಂಜೆ ಸರಸ ಟೀಚರು ಶಾಲೆಯಿಂದ ಬಂದು ಬಾಗಿಲಿನ ಬೀಗ ತೆಗೆಯುತ್ತಿದ್ದರು. ಎದುರು ಮನೆಯ ನೀಲಾಂಬಿಕೆ, ವರ್ಷ ತುಂಬದ ಮಗಳು ತೇಜಶ್ರೀಯನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ನಿಂತಳು.

"ಸರಸಕ್ಕ, ಒಂದ್ ಲೋಟ ನೀರ್ ಕೊಡಿ."

"ನಿಮ್ಮನೆ ಕೊಡಪಾನ ಖಾಲಿನೇನೇ?" ಎಂದು ನಗುತ್ತಲೇ ಸರಸ ನೀರು ತಂದರು. ಲೋಟ ತೆಗೆದುಕೊಳ್ಳಲು ನೀಲಾಂಬಿಕೆ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕತ್ತರಿಯಿಂದ ಕತ್ತರಿಸಿದ ಮಾತ್ರೆ ಹಾಳೆಯ ತುಂಡು. ಹೆಸರಿನ ಭಾಗವೇ ಇಲ್ಲ.

"ಏನಿದು?"

"ಮನೇಲಿ ಅತ್ತೆ ಅವ್ರೆ. ಅವ್ರ ಮುಂದೆ ನುಂಗಕ್ಕಾಗಕಿಲ್ಲ. ಅದಕ್ಕೆ ನಿಮ್ಮನೆ ನೀರು ಕೇಳಿದ್ದು."

"ಏನಿದು ಅಂತ ಕೇಳ್ದೆ."

ನೀಲಾಂಬಿಕೆ ದನಿ ತಗ್ಗಿಸಿದಳು. "ನಮ್ಮನೆಯವ್ರು ತೆಂಗಿನ್ಕಾಯಿ ಹಾಕಕ್ಕೆ ಚನ್ರಾಯಪಟ್ಣಕ್ಕೆ ಓಗಿದ್ರಲ್ಲ, ಅಲ್ಲಿ ಯಾವ್ದೋ ಅಂಗ್ಡೀಲಿ ಕೊಟ್ರಂತೆ. ನುಂಗಿದ್ರೆ ತೊಳ್ದೋಗುತ್ತಂತೆ. ಎರಡ್ ತಿಂಗ್ಳಿಂದ ನಾನು ಆಚೆ ಕೂತಿಲ್ಲ ಕಣಕ್ಕ."

ಸರಸ ಲೋಟವನ್ನು ಹಿಂದಕ್ಕೆ ಎಳೆದುಕೊಂಡರು. ಈ ಹುಡುಗಿಗೆ ದೊಡ್ಡ ಮಗುವಿನದೂ ತೇಜಶ್ರೀಯದೂ ಎರಡೂ ಹೆರಿಗೆ ಸಿಸೇರಿಯನ್. ಇನ್ನೆರಡು ವರ್ಷ ಬಸಿರಾಗಲೇಬಾರದು ಎಂದು ಡಾಕ್ಟರು ಗಟ್ಟಿಯಾಗಿ ಹೇಳಿ ಕಳಿಸಿದ್ದರು. ಅದಕ್ಕೇ ಆಶಾ ಕಾರ್ಯಕರ್ತೆ ಸುವರ್ಣಮ್ಮ ಮನೆಗೇ ಬಂದು, ದಿನವೂ ಅಲ್ಲದೆ ವಾರದ ಲೆಕ್ಕದಲ್ಲಿ ನುಂಗುವ ಛಾಯಾ ಮಾತ್ರೆ ಕೊಟ್ಟಿದ್ದರು.

"ಛಾಯಾ ನುಂಗ್ತಿರಲಿಲ್ವೇನೇ ನೀನು?"

"ನುಂಗ್ತಾನೇ ಇವ್ನಿ. ಒಂದ್ ವಾರನೂ ತಪ್ಸಿಲ್ಲ. ನಮ್ಮಪ್ಪನಾಣೆ."

ಸರಸ ಆ ತುಂಡನ್ನು ಅವಳ ಕೈಯಿಂದ ಕಿತ್ತುಕೊಂಡೇಬಿಟ್ಟರು. ಅರಕಲಗೂಡಿನ ತವರಿಗೆ ಅವರ ತಂಗಿ ಶರ್ವಾಣಿ ರಜೆಯಲ್ಲಿ ಬಂದಿದ್ದಳು. ಶರ್ವಾಣಿ ಡಾಕ್ಟರು. ಗಂಡಸರಿಗೂ ಹೆಂಗಸರಿಗೂ ಹೊಸ ಗರ್ಭನಿರೋಧಕಗಳನ್ನು ಹುಡುಕುವ ಸಂಶೋಧಕರ ತಂಡದಲ್ಲಿ ಅವಳ ಕೆಲಸ. ಸರಸ ಅವಳಿಗೆ ಫೋನ್ ಮಾಡಿದರು.

ವಿಷಯ ಕೇಳಿದ ಶರ್ವಾಣಿ ಕೇಳಿದ ಮೊದಲ ಪ್ರಶ್ನೆ: "ನುಂಗಿಬಿಟ್ಟಿದ್ದಾಳಾ?"

"ಇಲ್ಲ, ನನ್ನ ಕೈಯಲ್ಲಿದೆ."

"ಸದ್ಯ! ಕೊಡಬೇಡಕ್ಕ. ಬಸಿರು ಎಲ್ಲಿ ಕೂತಿದೆ ಅಂತ ಸ್ಕ್ಯಾನ್ ನೋಡದೆ ಯಾರೂ ಏನೂ ನುಂಗೋ ಹಾಗಿಲ್ಲ. ಅದರಲ್ಲೂ ಎರಡು ಸಿಸೇರಿಯನ್ ಆದವಳು. ನಾಳೆ ಬೆಳಿಗ್ಗೆ ಹೊಳೆನರಸೀಪುರದ ಆಸ್ಪತ್ರೆ ಹತ್ರ ಬಂದ್ಬಿಡಿ. ನಾನು ಅಲ್ಲೇ ಸಿಗ್ತೀನಿ. ಅವಳ ಯಜಮಾನರನ್ನೂ ಕರ್ಕೊಂಡ್ ಬಾ."

ಯಜಮಾನ ರುದ್ರೇಶ ಒಪ್ಪುವ ಆಸಾಮಿಯಲ್ಲ. ಗೂಡ್ಸ್ ಆಟೋದಲ್ಲಿ ತೆಂಗಿನಕಾಯಿ ಸಾಗಿಸಿ ವ್ಯಾಪಾರ ಮಾಡುವವನು, ಮಾತಿನಲ್ಲಿ ಜೋರು. ಆ ರಾತ್ರಿ ಸರಸ ಅವನನ್ನು ಕರೆಸಿ ವಿಷಯ ಹೇಳಿದಾಗ, ಅವರ ಕೈಯಿಂದ ಆ ತುಂಡನ್ನು ಈಸಿಕೊಂಡು ಅಂಗಿ ಜೇಬಿಗೆ ಸೇರಿಸಿದ.

"ಮೇಡಮ್ಮೋರೆ, ಆಸ್ಪತ್ರೆಗೋದ್ರೆ ಊರಿಗೆಲ್ಲಾ ಡಂಗೂರ ಆಯ್ತದೆ. ಪೊಲೀಸ್ ಕೇಸ್ ಗೀಸ್ ಆದ್ರೆ ನೀವ್ ಬತ್ತೀರಾ ಬಿಡ್ಸಕ್ಕೆ?"

"ಬತ್ತೀನಿ ಕಣಪ್ಪ," ಎಂದು ಸರಸ ಅವನ ಧಾಟಿಯಲ್ಲೇ ಉತ್ತರ ಕೊಟ್ಟರು. "ಆದರೆ ಕೇಸೇ ಆಗಲ್ಲ. ತಡೆಯೋ ವಿಧಾನ ಸೋತು ಬಸಿರು ನಿಂತರೆ, ಅದನ್ನ ಸರ್ಕಾರಿ ಆಸ್ಪತ್ರೇಲಿ ಡಾಕ್ಟರ ಕೈಲಿ ತೆಗೆಸೋಕೆ ಕಾನೂನೇ ಇದೆ. ಹೆಸರು ಹೊರಗೆ ಬಿಡೋ ಹಾಗಿಲ್ಲ. ಅವಳೊಬ್ಬಳು ಒಪ್ಪಿದ್ರೆ ಸಾಕು, ನಿನ್ನ ಸಹಿ ಕೂಡ ಬೇಡ."

"ನನ್ ಸಹಿ ಬ್ಯಾಡ್ವಾ?" ರುದ್ರೇಶನಿಗೆ ಇದೇ ದೊಡ್ಡ ಆಘಾತವಾಯಿತು. ಆ ಗಾಬರಿಯಲ್ಲೇ ಮರುದಿನ ಆಟೋ ಹೊರಡಿಸಿದ.

ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಯಂತ್ರವನ್ನು ಹೊಟ್ಟೆಯ ಮೇಲೆ ಇನ್ನೊಮ್ಮೆ ಆಡಿಸಿದರು. ಪರದೆಯನ್ನು ಮತ್ತೆ ನೋಡಿದರು. ಶರ್ವಾಣಿಯನ್ನೂ ಕರೆದು ತೋರಿಸಿದರು. ಆಮೇಲೆ ರುದ್ರೇಶನನ್ನು ಒಳಗೆ ಕರೆದರು.

"ನೋಡಿ, ಬಸಿರು ಇರಬೇಕಾದ ಜಾಗದಲ್ಲಿಲ್ಲ. ಹಳೆಯ ಹೊಲಿಗೆಯ ಗಾಯ ಇದೆಯಲ್ಲ, ಅಲ್ಲೇ ಅಂಟಿಕೊಂಡಿದೆ. ಅದು ಬಹಳ ತೆಳು. ಮನೆಯಲ್ಲಿ ಮಾತ್ರೆ ಗೀತ್ರೆ ಏನಾದ್ರೂ ಕೊಟ್ಟಿದ್ದೀರಾ?"

ರುದ್ರೇಶನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. "ಇಲ್ಲ... ಕೊಟ್ಟಿಲ್ಲ."

"ಒಳ್ಳೇದಾಯ್ತು. ಕೊಟ್ಟಿದ್ದರೆ ರಕ್ತ ಹೋಗೋದು ನಿಲ್ಲುತ್ತಲೇ ಇರಲಿಲ್ಲ. ಹಳೇಕೋಟೆಯಿಂದ ಇಲ್ಲಿಗೆ ಬರೋವರೆಗೂ ಉಳೀತಿದ್ದಳು ಅಂತ ನಾನು ಹೇಳಲಾರೆ. ಈಗಲೇ ಹಾಸನಕ್ಕೆ ಕಳಿಸ್ತೀನಿ."

ಆಂಬುಲೆನ್ಸ್ ಬರುವವರೆಗೂ ರುದ್ರೇಶ ಆಸ್ಪತ್ರೆಯ ಗೋಡೆಗೆ ಒರಗಿ ನಿಂತಿದ್ದ. ಜೇಬಿನ ಮೇಲಿದ್ದ ಕೈ ತೆಗೆಯಲಿಲ್ಲ. ಬೆವರಿಗೆ ಅಂಗಿ ಒದ್ದೆಯಾಗಿ ಆ ತುಂಡಿನ ಅಂಚು ಅಂಗೈಗೆ ಒತ್ತುತ್ತಿತ್ತು.

ಹಾಸನದ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಯಿತು. ನೀಲಾಂಬಿಕೆ ಬದುಕಿಕೊಂಡಳು. ಇನ್ನೊಂದು ಬಸಿರು ಅವಳ ಪ್ರಾಣಕ್ಕೇ ಕುತ್ತಾಗಬಹುದು ಎಂದು ಅಲ್ಲಿನ ಡಾಕ್ಟರು ಗಂಡ ಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಹೇಳಿ ಕಳಿಸಿದರು. ಬಿಳಿಚಿಕೊಂಡ ಮುಖದಲ್ಲಿ ಅವಳು ಮನೆಗೆ ಬಂದಾಗ ಅತ್ತೆ ನೀಲಗಂಗಮ್ಮ ಬಾಗಿಲಲ್ಲೇ ನಿವಾಳಿಸಿ ಒಳಗೆ ಕರೆದುಕೊಂಡರು. ಸೊಸೆಯ ಮೇಲೆ ಅವರಿಗೆ ಪ್ರೀತಿಯೇ. ಆದ್ದರಿಂದಲೇ ಸಿಟ್ಟೂ ಜೋರಾಗಿತ್ತು. ಆ ಸಿಟ್ಟು ಹೋಗಿ ಬಿದ್ದದ್ದು, ನೋಡಲು ಬಂದ ಸುವರ್ಣಮ್ಮನ ಮೇಲೆ.

"ಬಾರವ್ವ ಬಾ! ಏನ್ ಮಾತ್ರೆ ಕೊಟ್ಟೆ ನನ್ ಸೊಸೆಗೆ? ಸುಣ್ಣದ್ ಬಿಲ್ಲೆಯಾ?"

"ಅವ್ವ, ಇದೇ ಮಾತ್ರೆ ಊರಲ್ಲಿ ಬೇರೆಯೋರೂ..."

"ಬೇರೆಯೋರ್ ಸುದ್ದಿ ಬ್ಯಾಡ. ಸರ್ಕಾರದೋರು ಪುಕ್ಸಟ್ಟೆ ಕೊಡೋದೆಲ್ಲಾ ಇಂಗೇ. ಕೆಲ್ಸ ಮಾಡಕಿಲ್ಲ."

"ಅಂಗೆ ಕೇಳವ್ವ," ಎಂದು ರುದ್ರೇಶನೂ ದನಿ ಏರಿಸಿದ. "ನಾಳಿಂದ ಈ ಮನೆ ಮೆಟ್ಲು ಅತ್ತಬ್ಯಾಡಿ ನೀವು."

ಸುವರ್ಣಮ್ಮನ ಕಣ್ಣಲ್ಲಿ ನೀರು ಬಂತು. ಸರಸರ ಜೊತೆ ಬಂದು ಜಗಲಿಯ ಮೇಲೆ ಕೂತಿದ್ದ ಶರ್ವಾಣಿ ಯಾರ ಪರವೂ ಮಾತಾಡಲಿಲ್ಲ. "ಆ ಮಾತ್ರೆ ಹಾಳೆ ಇದ್ರೆ ಸ್ವಲ್ಪ ತೋರಿಸ್ತೀರಾ?" ಎಂದಳು, ಅಷ್ಟೇ.

ನೀಲಾಂಬಿಕೆ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಹಿಂದೆ ಇಟ್ಟಿದ್ದ ಹಾಳೆಗಳನ್ನು ತಂದುಕೊಟ್ಟಳು. ಶರ್ವಾಣಿ ಒಂದನ್ನು ಬೆಳಕಿಗೆ ಹಿಡಿದಳು. ಒಂದು ಗುಳಿ ಖಾಲಿ. ಪಕ್ಕದ್ದರಲ್ಲಿ ಮಾತ್ರೆ. ಮತ್ತೆ ಒಂದು ಖಾಲಿ. ಪಕ್ಕದ್ದರಲ್ಲಿ ಮಾತ್ರೆ. ಇನ್ನೊಂದು ಹಾಳೆ ನೋಡಿದಳು. ಅದೂ ಹಾಗೇ.

"ನೀಲಾಂಬಿಕೆ, ಇವೆಲ್ಲ ಯಾಕೆ ಉಳಿದಿವೆ?"

"ಅವು ಸೋಮ್ವಾರದವು," ಎಂದಳು ನೀಲಾಂಬಿಕೆ. ಇದರಲ್ಲಿ ಕೇಳುವುದೇನಿದೆ ಎಂಬಂತಿತ್ತು ಅವಳ ದನಿ.

"ಸೋಮವಾರದವು ಅಂದ್ರೆ?"

ನೀಲಗಂಗಮ್ಮನೇ ವಿವರಿಸಿದರು. "ಸೋಮ್ವಾರ ನಮ್ಮನೇಲಿ ಎಲ್ಲಾರ್ಗೂ ವಾರ ಅಲ್ವೇನವ್ವ? ಸಂಜೆ ಪೂಜೆ ಆಗೋಗಂಟ ಅನ್ನ ಮುಟ್ಟಕಿಲ್ಲ. ಶಿವನ್ ದಿನ ಅದು. ಬಸ್ರು ನಿಲ್ದಂಗ್ ಮಾಡೋ ಮಾತ್ರೆನ ಅವತ್ತು ಬಾಯಿಗಾಕ್ಕಂಡ್ರೆ ದೇವ್ರು ಮೆಚ್ತಾನಾ? ಅವತ್ತಿಂದು ಬ್ಯಾಡ, ಗುರುವಾರದ್ದು ಮಾತ್ರ ನುಂಗವ್ವ ಅಂದಿದ್ದೆ. ಔಸ್ದಿ ಬಿಸಾಕ್ಬಾರ್ದು ಅಂತ ಗೂಡಲ್ಲಿ ಮಡ್ಗಿದ್ದೆ."

ನಮ್ಮ ಕಡೆ ಒಪ್ಪತ್ತು ಮಾಡುವ ದಿನಕ್ಕೂ ವಾರ ಎನ್ನುತ್ತಾರೆ, ಏಳು ದಿನಕ್ಕೂ ವಾರವೇ. ಒಂದು ವಾರ ಕೆಡದಿರಲಿ ಎಂದು ಇನ್ನೊಂದು ವಾರದ ಲೆಕ್ಕ ಕೆಟ್ಟಿತ್ತು. ಆ ಒಂದು ಪದದೊಳಗೆ ಒಂದು ಜೀವ ಸಿಕ್ಕಿಹಾಕಿಕೊಂಡಿತ್ತು.

ಸುವರ್ಣಮ್ಮ ಕಣ್ಣೊರೆಸಿಕೊಂಡು ಕೇಳಿದರು: "ಮೊದ್ಲ ಮೂರ್ ತಿಂಗ್ಳು ವಾರಕ್ಕೆ ಎರಡು ಅಂದಿದ್ನಲ್ಲ ನೀಲಾ? ನೀನು ಮುಟ್ಟಾದ್ ಮೊದಲ್ನೇ ದಿನ ಸೋಮ್ವಾರ. ಅದಕ್ಕೇ ಸೋಮ್ವಾರ ಒಂದು, ಗುರುವಾರ ಒಂದು ಅಂತ ಹೇಳಿದ್ದೆ."

"ಆಮೇಕೆ ವಾರಕ್ಕೊಂದೇ ಸಾಕು ಅಂತಾನೂ ಅಂದ್ರಲ್ಲಕ್ಕ. ಎಂಗೂ ಒಂದೇ ಸಾಕಾದ್ರೆ ಸೋಮ್ವಾರದ್ದು ಬುಟ್ರೆ ಏನಾಯ್ತದೆ ಅಂದ್ರು ಅತ್ತೆ. ನನ್ಗೂ ಸರಿ ಅನ್ನುಸ್ತು. ನಾವು ಕೇಳ್ದೇ ಇದ್ದದ್ದೂ ತಪ್ಪೇ."

ಶರ್ವಾಣಿ ಹಾಳೆಯನ್ನು ಕೆಳಗಿಟ್ಟಳು. "ಮೊದಲ ಮೂರು ತಿಂಗಳು ಎರಡೆರಡು ಹೋಗಲೇಬೇಕು. ಆಗ ಮೈಯಲ್ಲಿ ಔಷಧಿ ಸಾಕಷ್ಟು ಸೇರಿಕೊಳ್ಳುತ್ತೆ. ಆಮೇಲೆ ವಾರಕ್ಕೊಂದು ಸಾಲುತ್ತೆ. ಇಲ್ಲಿ ಒಳಗೆ ಹೋಗಿದ್ದು ಅರ್ಧ ಔಷಧಿ ಅಮ್ಮ."

ನೀಲಗಂಗಮ್ಮ ಸೊಸೆಯ ಮುಖ ನೋಡಿದರು. ಹಾಳೆ ನೋಡಿದರು. "ಅಂಗಾರೆ... ನಾನಾ?" ಎಂದವರೇ ಉಳಿದ ಮಾತ್ರೆಗಳನ್ನು ಬೆರಳಿಂದ ಎಣಿಸುತ್ತಾ ಕೂತರು. "ಶಿವನೇ, ನಾನೇ ನನ್ ಕೈಯಾರೆ..."

"ನಿಮ್ಮೊಬ್ಬರದೇ ಅಲ್ಲಮ್ಮ," ಎಂದಳು ಶರ್ವಾಣಿ. "ಈ ಮಾತ್ರೆ ನಮ್ಮ ದೇಶದಲ್ಲೇ ಕಂಡುಹಿಡಿದದ್ದು. ಅದಕ್ಕೆ ಎಷ್ಟೋ ವರ್ಷ ಹಿಡೀತು. ಯಾವ ದಿನ ನುಂಗಬೇಕು ಅಂತ ಹಾಳೆ ಜೊತೆಗೇ ಹೇಳಿರ್ತಾರೆ. ಆದರೆ ಆ ದಿನ ನಿಮ್ಮ ಮನೇಲಿ ಏನಿರುತ್ತೆ ಅಂತ ನಮ್ಮಂಥವರು ಯಾರೂ ಬಂದು ಕೇಳಲಿಲ್ಲ. ಹೊಸ ವಿಧಾನ ಕಂಡುಹಿಡಿಯೋದು ಅಂದ್ರೆ ಪ್ರಯೋಗಶಾಲೆ ಒಳಗಿನ ಕೆಲಸ ಮಾತ್ರ ಅಲ್ಲ, ಇಂಥ ಜಗಲಿ ಮೇಲಿನ ಕೆಲಸವೂ ಹೌದು. ಈ ಸೋಮವಾರದ ಮಾತನ್ನ ನಾನು ನಮ್ಮ ತಂಡಕ್ಕೆ ತಗೊಂಡು ಹೋಗ್ತೀನಿ."

"ಮಾತ್ರೆ ನೆಪ್ಪಿಟ್ಕೊಳ್ದೇ ಇರೋಂಥದ್ದು ಏನಾರ ಇಲ್ವಾ?" ಎಂದಳು ನೀಲಾಂಬಿಕೆ.

"ಇದೆ. ಮೂರು ತಿಂಗಳಿಗೊಂದು ಸಲ ತಗೊಳ್ಳೋ ಅಂತರಾ ಅನ್ನೋ ಇಂಜೆಕ್ಷನ್ ಇದೆ. ವರ್ಷಗಟ್ಟಲೆ ಇರೋ ಕಾಪರ್-ಟಿ ಇದೆ. ತೋಳಿನ ಚರ್ಮದ ಕೆಳಗೆ ಬೆಂಕಿಕಡ್ಡಿಯಂಥ ಒಂದು ಕಡ್ಡಿ ಇಡೋದೂ ಬಂದಿದೆ. ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೂ ಕೆಲವು ಜಿಲ್ಲೆಗಳಲ್ಲಿ ಮಾತ್ರ. ನಮ್ಮಲ್ಲಿ ಸಿಗುತ್ತಾ ಅಂತ ಕೇಳಿಕೊಳ್ಳಬೇಕು. ಎಲ್ಲ ಎಲ್ಲರ ಮೈಗೂ ಆಗಲ್ಲ. ನಿನಗೆ ಯಾವುದು ಸರಿ ಅಂತ ಡಾಕ್ಟರು ನೋಡಿಯೇ ಹೇಳಬೇಕು."

ಈಗ ರುದ್ರೇಶ ಬಾಯಿಬಿಟ್ಟ. "ಎಲ್ಲಾ ಎಂಗಸ್ರಿಗೇ ಏಳ್ತಾ ಇದೀರಲ್ಲ. ಗಂಡಸ್ರಿಗೆ ಮಾತ್ರೆ ಇಲ್ವಾ?"

"ಥೂ, ಬಾಯ್ ಮುಚ್ಲಾ!" ಎಂದರು ನೀಲಗಂಗಮ್ಮ, ಕೂತಲ್ಲಿಂದಲೇ.

ಶರ್ವಾಣಿ ಮಾತ್ರ ಬೆರಗಾಗಿ ಅವನತ್ತ ತಿರುಗಿದಳು. "ನಾನು ಸುತ್ತಿದ ಊರುಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಗಂಡಸು ನೀವೇ! ಇನ್ನೂ ಇಲ್ಲ. ಹೊರದೇಶದಲ್ಲಿ ಒಂದು ಮಾತ್ರೆ ಈಗ ಶುರುವಿನ ಪರೀಕ್ಷೇಲಿದೆ. ಭುಜಕ್ಕೆ ಹಚ್ಚಿಕೊಳ್ಳೋ ಮುಲಾಮಿನಂಥದ್ದನ್ನ ದಂಪತಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ನಮ್ಮ ದೇಶದಲ್ಲೇ ಗಂಡಸರಿಗೆ ಒಂದು ಇಂಜೆಕ್ಷನ್ ಮೇಲೆ ಬಹಳ ವರ್ಷದಿಂದ ಕೆಲಸ ನಡೀತಿದೆ. ಯಾವುದೂ ಅಂಗಡಿಗೆ ಬಂದಿಲ್ಲ. ಗಂಡಸರ ಮಾತ್ರೆ ಅಂತ ಯಾರಾದ್ರೂ ಈಗ ಮಾರಿದ್ರೆ ಅದು ಮೋಸ."

"ಚಂದ್ರನ ಮ್ಯಾಕೆ ರಾಕೆಟ್ ಇಳ್ಸವ್ರೆ, ಇದೊಂದ್ ಆಗ್ಲಿಲ್ವಾ?"

"ಕಷ್ಟಾನೂ ಇದೆ. ಹೆಂಗಸಲ್ಲಿ ತಿಂಗಳಿಗೆ ಸಾಮಾನ್ಯವಾಗಿ ಒಂದು ಅಂಡ. ಗಂಡಸಲ್ಲಿ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣು. ಅಷ್ಟನ್ನೂ ತಡೀಬೇಕು, ಬೇಕಾದಾಗ ಮತ್ತೆ ಬರೋ ಹಾಗೂ ಇರಬೇಕು. ಇನ್ನೊಂದು ಮಾತಿದೆ ರುದ್ರೇಶ್. ಮಾತ್ರೆಯಿಂದ ಹೆಂಗಸಿಗೆ ತಲೆನೋವು ಬಂದ್ರೆ, ಬಸಿರಿನ ಅಪಾಯಕ್ಕಿಂತ ವಾಸಿ ತಡ್ಕೋ ಅಂತಾರೆ. ಗಂಡಸಿಗೆ ಬಸಿರಿನ ಅಪಾಯವೇ ಇಲ್ಲವಲ್ಲ! ಅದಕ್ಕೆ ಅವನ ಔಷಧಿಯಿಂದ ಒಂದು ಚೂರೂ ತೊಂದರೆ ಆಗಬಾರದು ಅಂತ ಲೆಕ್ಕ. ಬೇಕು ಅಂತ ಕೇಳೋ ಗಂಡಸರೂ ಕಡಿಮೆ. ಕೇಳೋರಿಲ್ಲದಿದ್ರೆ ದುಡ್ಡು ಹಾಕೋರೂ ಇಲ್ಲ."

ರುದ್ರೇಶ ಜೇಬು ಸವರಿಕೊಂಡ. ಈಗ ಅದರಲ್ಲಿ ಏನೂ ಇರಲಿಲ್ಲ, ಆ ತುಂಡನ್ನು ಹಾಸನದಲ್ಲೇ ಎಸೆದು ಬಂದಿದ್ದ. "ಅಂಗಾದ್ರೆ ಈಗ ನಮ್ಗೆ ಏನೈತೆ?"

"ನಿರೋಧ್ ಇದೆ. ಇನ್ನು ಮಕ್ಕಳು ಬೇಡವೇ ಬೇಡ ಅನ್ನೋರಿಗೆ ಹೊಲಿಗೆ ಇಲ್ಲದ ಸಣ್ಣ ಆಪರೇಷನ್ ಇದೆ. ಅವತ್ತೇ ಮನೆಗೆ ಬರಬಹುದು."

"ಆಪ್ರೇಸನ್ನು ಎಂಗಸ್ರಿಗಲ್ವಾ ಮಾಡೋದು?" ರುದ್ರೇಶ ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ. ಆಪರೇಷನ್ ಎಂದರೆ ಹೆಂಗಸರದ್ದು ಎಂದೇ ಅವನು ಹುಟ್ಟಿದಾಗಿನಿಂದ ಕೇಳಿದ್ದು.

ನೀಲಗಂಗಮ್ಮನಿಗೆ ಮತ್ತೆ ದನಿ ಬಂತು. "ಕಾಯಿ ಮೂಟೆ ಎತ್ತೋನು ಕಣವ್ವ ಅವ್ನು! ನರ ಕುಯ್ದ್ರೆ ಸೊಂಟ ಬಿದ್ದೋಗಕಿಲ್ವಾ? ಗಂಡಸ್ತನ ಓಗಕಿಲ್ವಾ?"

"ಹೋಗಲ್ಲಮ್ಮ. ಮುಚ್ಚೋದು ವೀರ್ಯಾಣು ಬರೋ ದಾರೀನ ಮಾತ್ರ. ಶಕ್ತಿಗೂ ಆಸೆಗೂ ಏನೂ ಆಗಲ್ಲ. ಸ್ವಲ್ಪ ದಿನ ಭಾರ ಎತ್ತಬಾರದು, ಆಮೇಲೆ ಮೂಟೆ ಎತ್ತಬಹುದು. ಆದರೆ ಅವತ್ತಿಂದಲೇ ಫಲ ಸಿಗೋದಿಲ್ಲ. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ಪರೀಕ್ಷೆ ಮಾಡಿಸ್ಕೋಬೇಕು. ಮತ್ತೆ ಇದು ಶಾಶ್ವತ. ಯಾರ ಬಲವಂತಕ್ಕೂ ಮಾಡಿಸ್ಕೊಳ್ಳೋದಲ್ಲ."

"ಆದ್ರೂ... ಮಾಡ್ಸೋದಾದ್ರೆ ಅವ್ಳಿಗೇ ಮಾಡ್ಸುದ್ರಾಯ್ತು," ಎಂದು ನೀಲಗಂಗಮ್ಮ ಗೊಣಗಿದರು.

ಆಗ ನೀಲಾಂಬಿಕೆ ಮಗುವನ್ನು ಸರಸರ ಮಡಿಲಿಗೆ ಕೊಟ್ಟು ಅತ್ತೆಯ ಎದುರಿಗೆ ಕೂತಳು. ಅವಳು ಎಂದೂ ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

"ಅತ್ತೆ, ನನ್ನ ಒಟ್ಟೇನ ಎರಡ್ ಸಲ ಕುಯ್ದವ್ರೆ. ಮೂರ್ನೇ ಸಲ ಆಸನ್ದಲ್ಲಿ ಎಂಗೋ ಉಳ್ಕಂಡೆ. ಇನ್ನ ನನ್ನ ಮೈಯಲ್ಲಿ ಕುಯ್ಯಕ್ಕೆ ಜಾಗ ಇಲ್ಲ ಕಣತ್ತೆ."

ರುದ್ರೇಶ ಹೆಂಡತಿಯನ್ನು ನೋಡಿದ, ನೆಲ ನೋಡಿದ. ಎದ್ದು ಸುವರ್ಣಮ್ಮನ ಎದುರು ನಿಂತ.

"ಮೆಟ್ಲು ಅತ್ತಬ್ಯಾಡಿ ಅಂದ್ಬುಟ್ಟೆ. ತಪ್ಪಾಯ್ತು ಕಣಕ್ಕ. ಆ ಆಪ್ರೇಸನ್ನು ಯಾವತ್ತೈತೆ?"

ಸುವರ್ಣಮ್ಮ ಹಿಂಜರಿದರು. "ಇವತ್ತೇ ತೀರ್ಮಾನ ಬ್ಯಾಡ. ಇಬ್ರೂ ಕೂತು ಮಾತಾಡಿ. ತಾಲ್ಲೂಕು ಆಸ್ಪತ್ರೇಲಿ ಡಾಕ್ಟರು ಬರೋದು... ಮುಂದಿನ ಸೋಮ್ವಾರ. ಮತ್ತೆ, ಖಾಲಿ ಹೊಟ್ಟೇಲಿ ಬರಬೇಡಿ ಅಂತಾರೆ. ತಿಂಡಿ ತಿನ್ಕಂಡೇ ಬರ್ಬೇಕು."

ಎಲ್ಲರೂ ನೀಲಗಂಗಮ್ಮನ ಕಡೆ ನೋಡಿದರು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿಬಿಟ್ಟರು.

ಗಂಡ ಹೆಂಡತಿ ಆ ವಾರವೆಲ್ಲ ಮಾತಾಡಿಕೊಂಡರು. ರುದ್ರೇಶ ಆಸ್ಪತ್ರೆಗೆ ಹೋಗಿ ತನ್ನ ಅನುಮಾನಗಳನ್ನೆಲ್ಲ ಡಾಕ್ಟರ ಹತ್ತಿರ ನಾಚಿಕೆ ಬಿಟ್ಟು ಕೇಳಿ ಬಂದ. ಸೋಮವಾರ ಬೆಳಿಗ್ಗೆ, ತಿನ್ನುವ ವಿಷಯ ತಾಯಿಗೆ ಹೇಗೆ ಹೇಳುವುದೆಂದು ತಿಳಿಯದೆ, ದಾರಿಯಲ್ಲಿ ಹೋಟೆಲಿನಲ್ಲಿ ಏನಾದರೂ ತಿಂದರಾಯಿತು ಎಂದುಕೊಂಡು ಆಟೋದ ಕೀ ಕೈಗೆ ತೆಗೆದುಕೊಂಡ. ಆಗ ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಆ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಒಲೆ ಹೊತ್ತಿಸಿದ್ದನ್ನು ಅವನು ಕಂಡೇ ಇರಲಿಲ್ಲ.

ನೀಲಗಂಗಮ್ಮ ಹಣೆಯ ತುಂಬ ವಿಭೂತಿ ಧರಿಸಿ, ಬಿಸಿ ಉಪ್ಪಿಟ್ಟಿನ ತಟ್ಟೆ ತಂದು ಮಗನ ಮುಂದಿಟ್ಟರು.

"ಅವ್ವ... ಇವತ್ತು ವಾರ."

"ನಂಗೊತ್ತಿಲ್ವಾ? ತಿನ್ನು. ನಿನ್ ವಾರಾನೂ ಸೇರ್ಸಿ ನಾನೇ ಮಾಡ್ತೀನಿ." ಆಮೇಲೆ ಸೊಸೆಯ ಕಡೆ ತಿರುಗಿದರು. "ನೀನೂ ತಿನ್ನವ್ವ. ರಕ್ತ ಇಲ್ಲ ಮೈಯಲ್ಲಿ. ಶಿವ ಏನಾರ ಕೇಳುದ್ರೆ ನಾನ್ ಏಳ್ಕತೀನಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಸಂಘದಲ್ಲಿ ಓದಿ ಕೇಳಿಸುವವರೇ, ನಿಮ್ಮ ಮನೆಯ ವಾರ ಯಾವತ್ತು? ಮಾತ್ರೆ ಕೊಡುವವರಿಗೆ ಅದನ್ನು ಮೊದಲೇ ಹೇಳಿ. ಒಪ್ಪತ್ತು, ವ್ರತ, ತವರಿಗೆ ಹೋಗುವ ದಿನ, ಅತ್ತೆಯ ಅಂಜಿಕೆ, ಯಾವುದನ್ನೂ ಸಣ್ಣದು ಎಂದು ನುಂಗಿಕೊಳ್ಳಬೇಡಿ. ಒಂದು ಮಾತ್ರೆ ತಪ್ಪಿದರೂ ಆಶಾ ಕಾರ್ಯಕರ್ತೆಯನ್ನು ಕೇಳಿ. ಮುಟ್ಟು ನಿಂತರೆ ಹೆಸರಿಲ್ಲದ ಮಾತ್ರೆಯ ಹಿಂದೆ ಹೋಗದೆ ಆಸ್ಪತ್ರೆಗೆ ಹೋಗಿ. ಅಲ್ಲಿ ನಿಮ್ಮ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಹೊಸ ವಿಧಾನಗಳನ್ನು ಹುಡುಕುವವರು ನಿಮ್ಮ ಊರಿಗೆ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ನಿಮಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂದು ನೀವು ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ. ಪರೀಕ್ಷೆಗೆ ಸೇರಿ ಎಂದರೆ ಎಲ್ಲವನ್ನೂ ಕೇಳಿ ತಿಳಿದು, ಮನಸ್ಸಿದ್ದರೆ ಮಾತ್ರ ಒಪ್ಪಿ.

ಗಂಡಸರೇ, ರುದ್ರೇಶನ ಹಾಗೆ ನೀವೂ ಒಂದು ಸಲ ಬಾಯಿಬಿಟ್ಟು ಕೇಳಿ: ನಮಗೇನಿದೆ? ನಾಳೆ ಬರಲಿರುವ ಮಾತ್ರೆಗೆ ಕಾಯುತ್ತಾ ಇವತ್ತಿನ ಭಾರವನ್ನೆಲ್ಲ ಹೆಂಡತಿಯ ಹೊಟ್ಟೆಯ ಮೇಲೆ ಹೊರಿಸಬೇಡಿ. ಅವಳ ಮೈಯಲ್ಲೂ ಜಾಗ ಮುಗಿದಿರಬಹುದು.